ಶಾಲೆಯ ಜಗಲಿಗೆ ಕಟ್ಟಿದ ತೊಟ್ಟಿಲು

ಹಗ್ಗ ಕಡಿಯಬಹುದಿತ್ತು. ತೊಟ್ಟಿಲಿಗೆ ಕಟ್ಟಿರುವೆ ಇಳಿಯಬಹುದಿತ್ತು. ಹಂಚಿನ ಸಂದಿಯಿಂದ ಚೇಳು ಬೀಳಬಹುದಿತ್ತು. ಸಂಜೆಯ ಗಡಿಬಿಡಿಯಲ್ಲಿ ಒಬ್ಬರ ಮಗುವನ್ನು ಇನ್ನೊಬ್ಬರು ಎತ್ತಿಕೊಂಡು ಹೋಗಬಹುದಿತ್ತು. ಹೇಳಿಕೇಳಿ ಕೊಯ್ಲಿನ ಕಾಲ, ಎರಡೂ ಮನೆಯವರ ಕೈಯಲ್ಲಿ ಕತ್ತಿ. ಪೂವಕ್ಕಜ್ಜಿ ಉಗಿದ ಎಲೆಯಡಿಕೆ ನೇರ ಶಾಲಾ ಇನ್‌ಸ್ಪೆಕ್ಟರ ಬೂಟಿನ ಮೇಲೆ ಬೀಳಬಹುದಿತ್ತು. ಮಗ್ಗಿ ಒಪ್ಪಿಸುವಾಗ ಮಕ್ಕಳ ಬಾಯಲ್ಲಿ ಜೋಗುಳ ಬರಬಹುದಿತ್ತು. ಕಡೆಗೆ ನನ್ನನ್ನು ಬೀದರಿಗೆ ಎತ್ತಿ ಹಾಕಬಹುದಿತ್ತು. ಹೊಸ ರಾಜ್ಯದ ನಕಾಶೆ ಶಾಲೆಗೆ ಬಂದ ದಿನ ಎಲ್ಲರೂ ಅದರಲ್ಲಿ ಕೊಡಗನ್ನು ಹುಡುಕಿದರೆ, ನಾನು ಹುಡುಕಿದ್ದು ಕೊಡಗಿನಿಂದ ಅತಿ ದೂರದ ಊರನ್ನು. ವರ್ಗ ಮಾಡುವವರು ಅಲ್ಲಿಂದಲೇ ಶುರು ಮಾಡುತ್ತಾರೆ ಎಂಬುದು ನನ್ನ ನಂಬಿಕೆ.

ಕೊಡಗು ಮೈಸೂರು ರಾಜ್ಯದೊಳಗೆ ಸೇರಿದ ಮರುವರ್ಷದ ಮಾತು. ಮೂರ್ನಾಡಿನಲ್ಲಿ ಬಸ್ಸಿಳಿದು ಗದ್ದೆಯ ಬದು ಹಿಡಿದು ನಡೆದರೆ ಸಿಗುವ ಒಂದು ಊರಿನಲ್ಲಿ ನಾನು ಏಕೋಪಾಧ್ಯಾಯ ಶಾಲೆಯ ಮಾಸ್ಟರಾಗಿದ್ದೆ. ಏಕೋಪಾಧ್ಯಾಯ ಶಾಲೆ ಎಂದರೆ ನಾಲ್ಕು ಕ್ಲಾಸು, ಒಂದು ಕೋಣೆ, ಒಬ್ಬ ಮಾಸ್ಟರು. ಮುಂದೆ ಜಗಲಿ, ಜಗಲಿಯ ತೊಲೆಗೆ ಒಂದು ಕಂಚಿನ ಗಂಟೆ. ಒಂದೇ ಪೆಟ್ಟು ಬಿದ್ದರೆ ಶಾಲೆ ಶುರು, ಬಿಡದೆ ಬಾರಿಸಿದರೆ ಮನೆಗೆ. ಆ ಶಾಲೆಯಲ್ಲಿ ಯಾರೂ ಒಮ್ಮೆಯೂ ಮುರಿಯದ ಶಿಸ್ತು ಇದೊಂದೇ, ಅದರಲ್ಲೂ ಎರಡನೆಯ ಭಾಗ.

ಡಿಸೆಂಬರ್ ಬಂತೆಂದರೆ ಹೆಣ್ಣುಮಕ್ಕಳ ಸಾಲು ಖಾಲಿ. ಗದ್ದೆಯ ಕೊಯ್ಲು, ಕಾಫಿಯ ಪಿಕ್ಕಿಂಗ್ ಎರಡೂ ಒಂದರ ಬಾಲಕ್ಕೆ ಇನ್ನೊಂದು ಕಟ್ಟಿಕೊಂಡು ಬರುವ ತಿಂಗಳು. ಇಲಾಖೆಯ ಭಾಷೆಯಲ್ಲಿ ಇದಕ್ಕೆ ‘ಪೋಷಕರ ನಿರಾಸಕ್ತಿ’ ಎಂದು ಹೆಸರು. ನನ್ನನ್ನು ಕಾಡಿದ್ದು ನಾಲ್ಕನೇ ಕ್ಲಾಸಿನ ದೇವಕಿ. ಮಾರ್ಚಿನ ಪರೀಕ್ಷೆಗೆ ಕೂತು ಪಾಸಾದರೆ ಮೂರ್ನಾಡಿನ ಮಿಡ್ಲ್ ಸ್ಕೂಲು. ಈ ಚಳಿಗಾಲ ಮನೆಯಲ್ಲಿ ಉಳಿದರೆ ಅಲ್ಲಿಗೆ ಓದು ಮುಗಿಯಿತು. ಹಾಗೆ ಮುಗಿದವರನ್ನು ನಾನು ಕಂಡಿದ್ದೆ.

ಅವಳ ಮನೆಗೆ ಹೋದೆ. ತಂದೆ ಮಿಲಿಟರಿಯಲ್ಲಿ. ತಾಯಿ ಸೀತಮ್ಮ ಕತ್ತಿ ಮಸೆಯುತ್ತಿದ್ದಳು. ದೇವಕಿಯ ಸೊಂಟದ ಮೇಲೆ ಅವಳ ಅರ್ಧದಷ್ಟಿದ್ದ ತಮ್ಮ.

“ಮಾಸ್ಟ್ರೆ, ಗೂಡೆ ಶಾಲೆಗೆ ಬಂದ್ರೆ ಇವನ ಯಾರ್ ನೋಡುದು? ನೀವಾ?” ಎಂದಳು ಸೀತಮ್ಮ.

ಹುಡುಗಿಯನ್ನು ಅಲ್ಲಿ ಗೂಡೆ ಎನ್ನುತ್ತಾರೆ. ನಿರಾಸಕ್ತಿ ಯಾವ ಮೂಲೆಯಲ್ಲಿದೆ ಎಂದು ನೋಡಿದೆ, ಕಾಣಲಿಲ್ಲ. ಅಲ್ಲಿದ್ದದ್ದು ಒಂದು ಮಗು, ಅದನ್ನು ಹಿಡಿಯಲು ಒಂದೇ ಜೊತೆ ಕೈ.

ಆ ಭಾನುವಾರ ಊರಿನವರನ್ನು ಶಾಲೆಗೆ ಕರೆದೆ. ಭಾಷಣ ಬರೆದುಕೊಂಡು ಹೋಗಿದ್ದೆ. ಪೂವಕ್ಕಜ್ಜಿ ಮೊದಲ ವಾಕ್ಯಕ್ಕೇ ನಿಲ್ಲಿಸಿದರು. ಬೆನ್ನು ಬಾಗಿ ಗದ್ದೆ ಬಿಟ್ಟಿದ್ದರೂ ಗದ್ದೆಗೆ ಯಾರು ಯಾವತ್ತು ಹೋಗಬೇಕೆಂದು ಹೇಳುವ ಅಧಿಕಾರವನ್ನು ಬಿಟ್ಟಿರದ ಮುದುಕಿ.

“ಅದೆಲ್ಲ ಇರ್ಲಿ ಮಾಸ್ಟ್ರೆ. ಶಾಲೆನ ಮುಯ್ಯಿಗೆ ಸೇರಿಸಿಕಂಬ.”

ಮುಯ್ಯಿ ಎಂದರೆ ಇಂದು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು. ಕೂಲಿಯಿಲ್ಲ, ತಪ್ಪಿಸಿಕೊಳ್ಳುವಂತೆಯೂ ಇಲ್ಲ. ಅಜ್ಜಿಯ ಪ್ರಕಾರ ಶಾಲೆಯೂ ಊರಿನ ಒಂದು ಮನೆ. ದಿನಕ್ಕೊಂದು ಮನೆಯಿಂದ ಗದ್ದೆಗೆ ಬಗ್ಗಲಾಗದ ಒಬ್ಬ ಅಜ್ಜಿ ಶಾಲೆಗೆ ಬರುತ್ತಾಳೆ. ಜಗಲಿಯ ತೊಲೆಗೆ ಸೀರೆಯ ತೊಟ್ಟಿಲು ಕಟ್ಟುತ್ತಾರೆ. ಮಕ್ಕಳು ಒಳಗೆ, ಕೂಸುಗಳು ಹೊರಗೆ.

“ಒಳ್ಳೆಯದಾಯಿತು,” ಎಂದೆ.

“ಆತ್. ಆದ್ರೆ ಮನೆ ಅಂದ್ಮೇಲೆ ಮುಯ್ಯಿ ತೀರ್ಸೊಕಲ್ಲ? ಶಾಲೆಲಿ ಆಳ್ ಯಾರ್ ಒಳೊ, ನೀವೊಬ್ಬರೇ. ಆದಿತ್ಯವಾರ ಕತ್ತಿ ಹಿಡ್ಕಂಡ್ ಬನ್ನಿ.”

ಹೀಗೆ ಮಡಿಕೇರಿಯ ಪುರೋಹಿತರ ಮನೆಯ ಮಗನಾದ ನಾನು ಭಾನುವಾರಗಳಂದು ಭತ್ತ ಕೊಯ್ದೆ. ನಾನು ಒಂದು ಹಿಡಿ ಕೊಯ್ಯುವಷ್ಟರಲ್ಲಿ ಸೀತಮ್ಮ ಸಾಲು ಮುಗಿಸಿ ಬದುವಿನ ಮೇಲೆ ಕೂತು, “ಬೆರಳ್ ಎಲ್ಲ ಇದ್ದಾ ಮಾಸ್ಟ್ರೆ? ಸೋಮವಾರ ಸೀಮೆಸುಣ್ಣ ಹಿಡಿಯಕ್ಕೆ ಬೇಕು,” ಎನ್ನುವಳು. ಇಡೀ ಗದ್ದೆಯೇ ನಗುತ್ತಿತ್ತು. ಆದರೆ ಅದೇ ಗದ್ದೆಯಲ್ಲಿ ನನಗೆ ಎರಡನೇ ಕ್ಲಾಸಿನ ಹುಡುಗನಿಗೆ ಯಾಕೆ ಕಿವಿ ಕೇಳುತ್ತಿಲ್ಲ, ಮೂರನೇ ಕ್ಲಾಸಿನವಳು ಯಾಕೆ ಮಂಗಳವಾರ ಮಾತ್ರ ತಪ್ಪಿಸುತ್ತಾಳೆ ಎಂಬುದೆಲ್ಲ ತಿಳಿಯಿತು. ಟ್ರೇನಿಂಗಿನಲ್ಲಿ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಸಭೆಯ ಮರುದಿನ, ಸೋಮವಾರದಿಂದಲೇ ಹೆಣ್ಣುಮಕ್ಕಳ ಸಾಲು ತುಂಬಿತ್ತು. ಜಗಲಿಯಲ್ಲಿ ತೊಟ್ಟಿಲುಗಳು ತೂಗಿದವು. ಗಂಟೆಯ ಪಕ್ಕದ ಕೊನೆಯದು ದೇವಕಿಯ ತಮ್ಮನದು. ಅದನ್ನು ಮಾತ್ರ ಅಜ್ಜಿಯರು ಮೆಲ್ಲಗೆ, ಒಂದು ಗೇಣಷ್ಟೇ ತೂಗುತ್ತಿದ್ದರು. ನಾನು ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದು ಪ್ರತಿ ಹಗ್ಗವನ್ನೂ ಜಗ್ಗಿ ನೋಡುತ್ತಿದ್ದೆ. ಒಮ್ಮೆ ನಾನೇ ಒಂದರೊಳಗೆ ಕೂತು ಪರೀಕ್ಷಿಸಿದೆ. ಪೂವಕ್ಕಜ್ಜಿ ಕಂಡರು. “ತೂಗೊಕಾ?” ಎಂದು ಕೇಳಿದರು.

ಜನವರಿಯಲ್ಲಿ ಇನ್‌ಸ್ಪೆಕ್ಟರು ಬಂದರು. ಮೈಸೂರು ಕಡೆಯಿಂದ ಹೊಸದಾಗಿ ಬಂದವರು, ಕೊಡೆಯನ್ನೂ ನೇರವಾಗಿ ಮಡಿಸುವಷ್ಟು ಅಚ್ಚುಕಟ್ಟಿನ ಮನುಷ್ಯ. ಜಗಲಿ ಹತ್ತಿದವರು ತೊಟ್ಟಿಲುಗಳ ನಡುವೆ ನಿಂತುಬಿಟ್ಟರು.

“ಏನ್ರೀ ಇದು? ಸ್ಕೂಲೋ, ಹೆರಿಗೆ ಆಸ್ಪತ್ರೆಯೋ?”

ವಿವರಿಸಿದೆ. ಅವರು ಒಳಗೆ ಬಂದು ದೇವಕಿಯನ್ನು ನಿಲ್ಲಿಸಿ ಓದಿಸಿದರು, ಓದಿದಳು. ಲೆಕ್ಕ ಕೊಟ್ಟರು. ಹೊರಗೆ ತಮ್ಮ ಅಳತೊಡಗಿದ. ಅವಳ ಸೀಮೆಸುಣ್ಣ ನಿಂತಿತು. ಪೂವಕ್ಕಜ್ಜಿಯ ಕೈ ಹಗ್ಗಕ್ಕೆ ಹೋಯಿತು, ಅಳು ತಗ್ಗಿತು, ಸೀಮೆಸುಣ್ಣ ಮುಂದೆ ಹೋಯಿತು. ಉತ್ತರ ಸರಿಯಿತ್ತು.

“ಹುಡುಗಿ ಚುರುಕಾಗಿದಾಳೆ,” ಎಂದರು ಇನ್‌ಸ್ಪೆಕ್ಟರು ಜಗಲಿಗೆ ಬಂದು. “ಆದ್ರೆ ರೂಲ್ಸ್ ಅಂತ ಒಂದಿದೆ. ಶಾಲೆ ಕಟ್ಟಡಾನ ಬೇರೆ ಕೆಲಸಕ್ಕೆ ಬಳಸೋ ಹಾಗಿಲ್ಲ. ಇದನ್ನೆಲ್ಲ ಈಗ್ಲೇ ಬಿಚ್ಚಿಸಿ.”

ಪೂವಕ್ಕಜ್ಜಿ ಕೂತಲ್ಲಿಂದಲೇ ಕೇಳಿದರು: “ಯಾರ ಕಟ್ಟಡ?”

“ಸರ್ಕಾರದ್ದಮ್ಮ.”

“ಈ ಕಂಬ ನನ್ನ ಮನೆ ಹಲಸಿನ ಮರದ್ದ್. ಹಂಚು ಸೀತಮ್ಮನ ಮಾವ ಮೂರ್ನಾಡಿಂದ ತಲೆಮೇಲೆ ಹೊತ್ತದ್ದ್. ನೆಲ ನಾವೇ ಬಡಿದದ್ದ್. ಸರ್ಕಾರದ್ದ್ ಇಲ್ಲಿ ಮಾಸ್ಟ್ರು ಒಬ್ಬರೇ. ಬೇಕಾದ್ರೆ ಅವರ ಬಿಚ್ಚಿಕಂಡ್ ಹೋಗಿ.”

ಬೀದರ್ ನನ್ನ ಕಣ್ಣ ಮುಂದೆ ಬಂತು. ಇನ್‌ಸ್ಪೆಕ್ಟರು ನನ್ನ ಕಡೆ ತಿರುಗಿದರು. “ಏನ್ರೀ, ನೀವೇನು ಹೇಳ್ತೀರಿ?”

ನಾನು ಜೀವಮಾನದಲ್ಲಿ ಯಾರಿಗೂ ಎದುರಾಡಿದವನಲ್ಲ. ಬಸ್ಸಿನಲ್ಲಿ ನನ್ನ ಸೀಟಿನಲ್ಲಿ ಕೂತವರಿಗೆ ಕೂಡ. ಕಿಟಕಿಯಲ್ಲಿ ದೇವಕಿ ನೋಡುತ್ತಿದ್ದಳು. ಅವಳ ಒಂದು ಕೈ ಆಗಲೇ ಸ್ಲೇಟನ್ನು ಚೀಲಕ್ಕೆ ತುಂಬುತ್ತಿತ್ತು. ಬಿಚ್ಚಿದರೆ ತಮ್ಮನನ್ನು ಎತ್ತಿಕೊಂಡು ಹೊರಡಬೇಕೆಂದು ಅವಳಿಗೆ ಗೊತ್ತಿತ್ತು. ಆ ಕೈ ನೋಡಿ ನನಗೆ ಸಿಟ್ಟು ಬಂತು.

“ಬಿಚ್ಚುವುದಿಲ್ಲ ಸಾರ್,” ಎಂದೆ. “ತೊಟ್ಟಿಲು ಇಳಿದರೆ ಈ ಸಾಲು ಪೂರ್ತಿ ಮನೆಗೆ ಹೋಗುತ್ತದೆ. ಖಾಲಿ ಕೋಣೆ ಕಾಯುವುದಕ್ಕೆ ಮಾಸ್ಟರು ಬೇಕಿಲ್ಲ. ನನ್ನನ್ನೇ ವರ್ಗ ಮಾಡಿ.” ಎಲ್ಲಿಗೆಂದು ಮಾತ್ರ ಸೂಚಿಸಲಿಲ್ಲ. ಆ ಮಟ್ಟಿಗೆ ಎಚ್ಚರವಿತ್ತು.

ಅಜ್ಜಿ ಎಲೆಯಡಿಕೆಯ ಸಂಚಿ ಸೊಂಟಕ್ಕೆ ಸಿಕ್ಕಿಸಿ ಎದ್ದರು. “ಬಿಚ್ಚೊಕು ಅಂದವರೇ ನೋಡಿಕಳ್ಳಿ. ಇವತ್ತ್‌ನ ಮುಯ್ಯಿ ನಿಮ್ಮದ್ ಸಾಹೇಬ್ರೆ.” ಹಿಂದೆ ನೋಡದೆ ಅಂಗಳ ದಾಟಿದರು.

ದೇವಕಿಯ ತಮ್ಮ ಕಿರುಚಿದ. ಇನ್‌ಸ್ಪೆಕ್ಟರು ನನ್ನನ್ನು ನೋಡಿದರು.

“ನನಗೆ ಕ್ಲಾಸಿದೆ ಸಾರ್. ಏಕೋಪಾಧ್ಯಾಯ ಶಾಲೆ,” ಎಂದು ಒಳಗೆ ಹೋದೆ.

ಒಳಗೆ ನಾನು ಏನು ಪಾಠ ಮಾಡಿದೆನೋ ದೇವರೇ ಬಲ್ಲ. ಸ್ವಲ್ಪ ಹೊತ್ತಿಗೆ ಅಳು ನಿಂತಿತು. ಕಿಟಕಿಯಲ್ಲಿ ಬಗ್ಗಿದರೆ ಅವರು ಕೊಡೆಯನ್ನು ಕಂಕುಳಲ್ಲಿ ಒತ್ತಿಕೊಂಡು ಹಗ್ಗ ಹಿಡಿದಿದ್ದರು.

“ಸಾರ್, ಈಗ ಬಿಚ್ಚಲೇ?” ಎಂದೆ. ಅಂಥ ಧೈರ್ಯ ಎಲ್ಲಿಂದ ಬಂತೋ.

“ಸುಮ್ನಿರ್ರೀ, ನಿಲ್ಲಿಸಿದ್ರೆ ಅಳುತ್ತೆ,” ಎಂದರು. ಮತ್ತೆ ಮಗುವಿನ ಕಡೆಯೇ ನೋಡುತ್ತ, “ಇರ್ಲಿ ಬಿಡಿ. ಕೊಯ್ಲು ಮುಗಿಯೋವರೆಗೆ ಇರ್ಲಿ,” ಎಂದರು.

ಕೊಯ್ಲು ಆ ಊರಿನಲ್ಲಿ ಪ್ರತಿ ವರ್ಷವೂ ಇರುತ್ತದೆ. ನಾನಿರುವವರೆಗೆ ಪ್ರತಿ ಚಳಿಗಾಲವೂ ತೊಟ್ಟಿಲು ಕಟ್ಟಿದೆವು. ದೇವಕಿ ಪರೀಕ್ಷೆ ಬರೆದು ಮೂರ್ನಾಡಿಗೆ ಹೋದಳು. ಈಗ ನಡುವಯಸ್ಸಿನಲ್ಲಿ, ಸಭೆಗಳಲ್ಲಿ ಯಾರಾದರೂ ‘ಪೋಷಕರ ನಿರಾಸಕ್ತಿ’ ಎಂದರೆ ನಾನು ಎದ್ದು ನಿಲ್ಲುತ್ತೇನೆ. ಮಗು ಶಾಲೆಗೆ ಬಾರದಿದ್ದರೆ ಮೊದಲು ಅದರ ಕೈಯಲ್ಲಿ ಏನಿದೆ ನೋಡಿ. ಅದನ್ನು ಇಳಿಸಿಕೊಳ್ಳಲು ಊರನ್ನು ಕೇಳಿ. ಕೇಳಿದ ಮೇಲೆ ನಿಮ್ಮ ಪಾಲಿನ ಭತ್ತ ಕೊಯ್ಯಿರಿ. ವೃತ್ತಿ ನನಗೆ ಕಲಿಸಿದ್ದು ಇಷ್ಟು.

ಹಗ್ಗ ಕಡಿಯಲಿಲ್ಲ. ಚೇಳು ಬೀಳಲಿಲ್ಲ. ಕೂಸುಗಳು ಅದಲುಬದಲಾಗಲಿಲ್ಲ. ಬೀದರನ್ನು ನಾನು ಇವತ್ತಿಗೂ ನೋಡಿಲ್ಲ. ಅಂದು ಕೆಟ್ಟದ್ದು ಒಂದೇ. ‘ಇರ್ಲಿ ಬಿಡಿ’ ಎಂದ ಮೇಲೆ ಇನ್‌ಸ್ಪೆಕ್ಟರಿಗೆ ಹುರುಪು ಬಂದು, ಒಂದು ಗೇಣು ತೂಗಬೇಕಾದ ಕೊನೆಯ ತೊಟ್ಟಿಲನ್ನು ಒಂದು ಮಾರು ತೂಗಿದರು. ತೊಟ್ಟಿಲಿನ ಹಗ್ಗ ತಾಗಿ ತಲೆಯ ಮೇಲಿನ ಗಂಟೆ ಬಿಡದೆ ಬಾರಿಸಿತು. ಅವರು ಗಾಬರಿಯಾಗಿ ಇನ್ನೂ ಜೋರಾಗಿ ತೂಗಿದರು. ನಾನು ಬಾಗಿಲಿಗೆ ಓಡಿ ಬರುವಷ್ಟರಲ್ಲಿ ಒಂದನೆಯಿಂದ ನಾಲ್ಕನೆಯವರೆಗಿನ ಕ್ಲಾಸುಗಳು ಚೀಲ ಹಾರಿಸುತ್ತ ಗದ್ದೆಯ ಬದು ದಾಟಿದ್ದವು, ತೊಟ್ಟಿಲಲ್ಲಿದ್ದ ತಮ್ಮ-ತಂಗಿಯರನ್ನೆಲ್ಲ ನಮ್ಮಿಬ್ಬರಿಗೆ ಬಿಟ್ಟು. ಬಿಟ್ಟ ಶಾಲೆಯನ್ನು ಮತ್ತೆ ಕರೆಯುವ ಗಂಟೆ ನಮ್ಮಲ್ಲಿರಲಿಲ್ಲ.