ಹಿಮದ ಗಾಡಿಗೆ ಸುತ್ತಿದ ಟವೆಲ್

ದೋರನಹಳ್ಳಿಯ ಬುದ್ಧಪ್ರಿಯ ಎಲ್ಲಿಗೆ ಕೆಲಸಕ್ಕೆ ಹೋದರೂ ಹೋದಷ್ಟೇ ಜಲ್ದಿ ಹೊಳ್ಳಿ ಬರುವ ಹುಡುಗ ಎಂದು ಓಣಿಯಲ್ಲಿ ಹೆಸರಾಗಿದ್ದ. ಸೈದಾಪುರದ ಕಡೆ ಒಂದು ಕಾರ್ಖಾನೆಗೆ ಸೇರಿ, ತಲೆನೋವೆಂದು ಒಂದೇ ವಾರಕ್ಕೆ ಮನೆ ಸೇರಿದ್ದ. ಹೀಗಾಗಿ ಅವನು ಹಿಮಾಚಲದಲ್ಲಿ ಪ್ರವಾಸಿಗರನ್ನು ಹಿಮದ ಮೇಲೆ ಓಡಿಸುವ ಗಾಡಿಗಳಿಗೆ ಮೆಕ್ಯಾನಿಕ್ ಆಗಿ ಹೊರಟಾಗ, ತಂಗಿ ಪಂಚಶೀಲಾ ಚೀಲಕ್ಕೆ ಖಡಕ್ ರೊಟ್ಟಿ ತುಂಬುತ್ತಲೇ ಕೇಳಿದಳು:

"ಅಣ್ಣಾ, ಇವು ಹೋಗೂದಕ್ಕೋ, ಹೊಳ್ಳಿ ಬರೂದಕ್ಕೋ?"

ಬರುವುದೇನಿದ್ದರೂ ಬಾಬಾಸಾಹೇಬರ ಜಯಂತಿಗೆ, ಅದಕ್ಕೂ ಮೊದಲು ಈ ಓಣಿಯಲ್ಲಿ ಕಾಲಿಡುವುದಿಲ್ಲ ಎಂದು ಎಲ್ಲರೆದುರು ಸಾರಿ, ಯಾದಗಿರಿಯಲ್ಲಿ ರೈಲು ಹತ್ತಿದ. ಹತ್ತಿದ ಮೇಲೆ ಬೆರಳು ಮಡಚಿ ತಿಂಗಳು ಎಣಿಸಿದ. ಜಯಂತಿ ಏಪ್ರಿಲ್‌ನಲ್ಲಿ, ಇದಿನ್ನೂ ಜನವರಿ.

ಅವನಿಗೆ ಕೆಲಸ ಕಲಿಸಿದವರು ಶಹಾಪುರದ ಸರದಾರಸಾಬರು. ಅವರ ಗ್ಯಾರೇಜಿನಲ್ಲಿ ರೋಗ ಒಂದೇ, ಕಾಯುವುದು. ಮದ್ದೂ ಒಂದೇ, ತಣಿಸುವುದು. ಬೇಸಿಗೆಯಲ್ಲಿ ಹಳೇ ಪೆಟ್ರೋಲ್ ಜೀಪು ನಡುದಾರಿಯಲ್ಲಿ ನಿಂತರೆ, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೋರೇಟರಿಗೆ ಒದ್ದೆ ಬಟ್ಟೆ ಸುತ್ತಿ, ಒಂದು ಚಾ ಕುಡಿದು ಕೀಲಿ ತಿರುವಿದರೆ ಮುಗಿಯಿತು.

ಹಿಮದ ಗಾಡಿಯ ಬಾನೆಟ್ ಎತ್ತಿದ ಮೊದಲ ದಿನವೇ ಬುದ್ಧಪ್ರಿಯನ ಕಣ್ಣಿಗೆ ಒಂದು ತಪ್ಪು ಬಿತ್ತು. ಸಣ್ಣ ಪೈಪೊಂದು ಎಂಜಿನ್ನಿನ ಬಿಸಿನೀರನ್ನು ಕಾರ್ಬೋರೇಟರಿಗೆ ಹರಿಸುತ್ತಿತ್ತು. ನಡುವೆ ಒಂದು ಪುಟ್ಟ ನಲ್ಲಿ. ಇದನ್ನು ಮಾಡಿದವರಿಗೆ ಇಷ್ಟೂ ತಿಳಿಯದೇ ಎಂದು ಮರುಕಪಟ್ಟು, ಸಾಲಾಗಿ ನಿಂತ ಅಷ್ಟೂ ಗಾಡಿಗಳ ನಲ್ಲಿ ಬಂದ್ ಮಾಡಿದ. ತಾನು ಬಂದ ಮೇಲೆ ಇಲ್ಲಿನ ಗಾಡಿಗಳು ಸುಧಾರಿಸಿವೆ ಎಂದು ತಂಗಿಗೆ ಫೋನನ್ನೂ ಮಾಡಿದ.

ಮರುದಿನ ಹಿಮ ಉದುರುತ್ತಿತ್ತು. ಗಾಡಿಗಳು ಏರು ಹತ್ತುತ್ತ ಕೆಮ್ಮಿ ಕೆಮ್ಮಿ ನಿಂತವು. ಪ್ರವಾಸಿಗರು ಮೊಣಕಾಲುದ್ದ ಹಿಮದಲ್ಲಿ ಇಳಿದು ನಡೆದರು. ಬುದ್ಧಪ್ರಿಯ ನಟ್ಟು ಬಿಚ್ಚುವ ಪಾನಾ ಹಿಡಿದು ಏದುಸಿರು ಬಿಡುತ್ತ ಹತ್ತಿ ಹೋಗುವಷ್ಟರಲ್ಲಿ ಗಾಡಿ ತಾನಾಗಿಯೇ ಚಾಲೂ ಆಗುತ್ತಿತ್ತು, ದವಾಖಾನೆಯ ಬಾಗಿಲಲ್ಲಿ ಜ್ವರ ಇಳಿದ ಮಗುವಿನ ಹಾಗೆ. ನಾಳೆಯೂ ಹೀಗಾದರೆ ಬ್ಯಾಗು ಕಟ್ಟು ಎಂದ ಮಾಲಕ. ಬುದ್ಧಪ್ರಿಯನಿಗೆ ಎದುರಿಗಿದ್ದ ಮಾಲಕ ಕಾಣಲಿಲ್ಲ. ಓಣಿಯ ಕಟ್ಟೆ, ಅದರ ಮೇಲೆ ಕೂತವರ ನಗೆ ಕಂಡಿತು. ಶಹಾಪುರಕ್ಕೆ ಫೋನ್ ಹಚ್ಚಿದ.

"ಉಸ್ತಾದ್, ಏರು ಹತ್ತೂ ಮುಂದ ನಿಂದರ್ತದ್ರಿ. ಸ್ವಲ್ಪ ಹೊತ್ತು ಬಿಟ್ರ ತಾನ ಚಾಲೂ ಆಗ್ತದ."

"ಅಯ್ಯ, ಅದು ನಮ್ಮ ಜೀಪಿನ ರೋಗನೇ ಅಲ್ಲೇನೋ. ಕಾರ್ಬೋರೇಟರ್ ಕಾದದ. ಒದ್ದಿ ಅರಿವಿ ಸುತ್ತು."

"ಇಲ್ಲಿ ಬರ್ಫ ಬೀಳಾಕತ್ತದ್ರಿ."

"ಬೀಳ್ಲಿ. ಎಂಜಿನ್ನಿಗಿ ಏನ್ ಗೊತ್ತು ಅದು?"

ಮಾತು ಸರಿ ಎನಿಸಿತು. ಮುಂಜಾನೆ ತನ್ನ ಟವೆಲನ್ನೇ ನೆನೆಸಿ ಸುತ್ತಿ, ತಾನೇ ಗಾಡಿ ಏರಿದ. ಅರ್ಧ ದಾರಿಯಲ್ಲಿ ಎಂಜಿನ್ ಸತ್ತಿತು. ಬಾನೆಟ್ ಎತ್ತಿದರೆ ಟವೆಲು ಖಡಕ್ ರೊಟ್ಟಿಯಾಗಿತ್ತು. ಎಳೆದಾಗ ಕಾರ್ಬೋರೇಟರಿನ ಆಕಾರದಲ್ಲೇ ಕಳಚಿ ಕೈಗೆ ಬಂತು. ಒಳಗೆ ಕಾರ್ಬೋರೇಟರಿನ ಮೈತುಂಬ ಬಿಳಿ ಹಿಮ.

ಟವೆಲು ಹಿಡಿದುಕೊಂಡೇ ಬಾಗಿ ಕಾರ್ಬೋರೇಟರಿನ ಬಾಯೊಳಗೆ ಇಣುಕಿದ. ಇದು ಕಾದು ಸಾಯುವ ಜೀವವಲ್ಲ. ಎಳೆದುಕೊಂಡ ಥಂಡಿ ಗಾಳಿಯ ತೇವ ಗಂಟಲಲ್ಲೇ ಹೆಪ್ಪುಗಟ್ಟಿ ಉಸಿರು ಕಟ್ಟುತ್ತಿತ್ತು. ನಿಂತಾಗ ಎಂಜಿನ್ನಿನ ಕಾವಿಗೆ ಕರಗಿ ಮತ್ತೆ ಉಸಿರಾಡುತ್ತಿತ್ತು. ಆ ಬಿಸಿನೀರು ಇದ್ದದ್ದೇ ಅದಕ್ಕೆ.

ನಲ್ಲಿ ತೆರೆದ. ಹಿಮ ಕರಗಿ ಚಾಲೂ ಆದ ಗಾಡಿ ತುದಿ ಮುಟ್ಟಿತು. ಕೆಳಗಿಳಿದು ಉಳಿದವನ್ನೂ ತೆರೆದ. ಮಾಲಕ ಬೈದನಾದರೂ ಬ್ಯಾಗಿನ ಮಾತು ಎತ್ತಲಿಲ್ಲ. ಮಾರ್ಚಿನ ಬಿಸಿಲಿಗೆ ಗಾಡಿಗಳು ಮಂಕಾದಾಗ ನಲ್ಲಿ ಮುಚ್ಚುವುದು, ಮೋಡ ಕವಿದರೆ ತೆರೆಯುವುದು ಅವನದೇ ಕೆಲಸವಾಯಿತು. ಊರಲ್ಲಿ ಎಂದೂ ಆಕಾಶ ನೋಡದವನು ದಿನವಿಡೀ ಆಕಾಶ ನೋಡಿದ.

ಜಯಂತಿಗೇ ಬಂದ. ಅಂದು ಮೆರವಣಿಗೆಯ ಮುಂದಿದ್ದ ಹಳೇ ಜೀಪು ಬಿಸಿಲಿಗೆ ನಿಂತುಬಿಟ್ಟಿತು. ಶಹಾಪುರದಿಂದ ಬಂದಿದ್ದ ಸರದಾರಸಾಬರು ಆಗಷ್ಟೇ, ಫೋನಿನಲ್ಲೇ ಹಿಮಾಚಲದ ಗಾಡಿ ದುರಸ್ತಿ ಮಾಡಿದ ಕತೆಯನ್ನು ಕಟ್ಟೆಯವರಿಗೆ ಬಿಡಿಸಿ ಹೇಳುತ್ತಿದ್ದರು. ಬುದ್ಧಪ್ರಿಯ ಹೆಗಲ ಮೇಲಿನ ಟವೆಲ್ ನೆನೆಸಿ ಸುತ್ತಿದ. ತುಸು ಹೊತ್ತಿಗೆ ಜೀಪು ಚಾಲೂ ಆಯಿತು.

"ಅಲ್ಲೂ ಹಿಂಗ ಸುತ್ತಿದ್ದಿ, ಹೌದಿಲ್ಲೋ?" ಉಸ್ತಾದ್ ಎಲ್ಲರಿಗೂ ಕೇಳುವಂತೆ ಕೇಳಿದರು.

ನಡೆದದ್ದೆಲ್ಲ ಗೊತ್ತಿದ್ದ ಪಂಚಶೀಲಾ ಅಣ್ಣನ ಮುಖವನ್ನೇ ನೋಡುತ್ತಿದ್ದಳು.

"ಹೌದ್ರಿ ಉಸ್ತಾದ್," ಎಂದ ಬುದ್ಧಪ್ರಿಯ, "ಇದೇ ಟವೆಲ್."