ಚಿಲಕ ನೋಡಿಲ್ಲವೆಂದವಳು

ರೊಟ್ಟಿ ತಟ್ಟುವಾಗ ನನ್ನ ಅಕ್ಕನ ಬಲಗೈಯ ಕಿರುಬೆರಳು ಮಾತ್ರ ಸೆಟೆದು ನಿಲ್ಲುತ್ತಿತ್ತು. ಕೊನೆಯವರೆಗೂ ಅದು ಬಾಗಲಿಲ್ಲ. ಅದನ್ನು ಮುರಿದವರು ಹೆಸರಾಂತ ವಿಜ್ಞಾನಿ. ಮುರಿದದ್ದು ಸುಳ್ಳೆಂದು ತೀರ್ಮಾನಿಸಿದವರು ನಮ್ಮೂರ ಹಿರಿಯರು. ಎರಡನ್ನೂ ನಾನು ಮರೆತಿಲ್ಲ.

ಅಕ್ಕ ಇದ್ದುದಕ್ಕಿಂತ ಒಂದು ಕಾಳು ಹೆಚ್ಚು ಹೇಳಿದವಳಲ್ಲ. ಹಾಲು ಉಕ್ಕಿತೆಂದು ನಾನು ಕೂಗಿದರೆ, "ಉಕ್ಕಿಲ್ಲ, ಉಕ್ಕಾಕತ್ತೈತಿ. ಇದ್ದಷ್ಟ ಹೇಳು," ಎಂದು ತಿದ್ದುತ್ತಿದ್ದಳು. ಗಂಡ ತೀರಿದ ಮೇಲೆ, ನಲವತ್ತರ ದಶಕದ ಆರಂಭದಲ್ಲಿ, ಹಾನಗಲ್ಲಿನ ಹೊರಗೆ ಆ ವಿಜ್ಞಾನಿ ಸಾಹೇಬರು ಭತ್ತದ ಹೊಸ ತಳಿ ಬೆಳೆಸುತ್ತಿದ್ದ ಹೊಲದಲ್ಲಿ ತೆನೆ ಆರಿಸುವ ಕೆಲಸಕ್ಕೆ ಸೇರಿದಳು. ಅವರ ಬೀಜ ಶಿಗ್ಗಾಂವಿಯಿಂದ ಹಿರೇಕೆರೂರಿನವರೆಗೆ ಹರಡಿತ್ತು. ಅವರ ಚಿತ್ರ ಪತ್ರಿಕೆಗಳಲ್ಲಿ ಬರುತ್ತಿತ್ತು.

ಒಂದು ಸಂಜೆ ಅಕ್ಕ ಬಾತ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದಳು. ಬೀಜದ ಕೋಣೆಯಲ್ಲಿ ಸಾಹೇಬರು ಮೈಮೇಲೆ ಕೈಹಾಕಿದರು, ಬಿಡಿಸಿಕೊಳ್ಳಹೋದಾಗ ಬೆರಳು ತಿರುವಿದರು ಎಂದಳು. ಅಷ್ಟೇ. ಅರಿಶಿನ ಅರೆದು ಕಟ್ಟಿದವಳು ನಾನು.

ಗುಡಿಯ ಕಟ್ಟೆಯ ಮೇಲೆ ಹಿರಿಯರು ಕೂಡಿದರು. ಸಾಹೇಬರಿಗೆ ಕುರ್ಚಿ, ಬೆಳ್ಳಿಯ ಲೋಟದಲ್ಲಿ ಹಾಲು. ಅಕ್ಕನನ್ನು ನಿಲ್ಲಿಸಿ, ವಿಭೂತಿಯ ತಟ್ಟೆ ಮುಂದೆ ಹಿಡಿದು, ಆಣೆ ಮಾಡಿಸಿದರು.

"ಬಾಗಲಾ ಚಿಲಕಾ ಹಾಕಿದ್ರೇನವಾ?" ಎಂದರು ಗೌಡರು.

"ಚಿಲಕಾ ನಾ ನೋಡಿಲ್ರಿ. ಬಾಗಲಾ ಮುಚ್ಚಿತ್ತು."

"ನೋಡಿಲ್ಲಂತ! ಆಣಿ ಮಾಡಿದ ಬಾಯಿ ಇದು!" ಎಂದರು ಇನ್ನೊಬ್ಬ ಹಿರಿಯರು.

ಕಟ್ಟೆಯೆಲ್ಲ ನಕ್ಕಿತು. ನಾನು ಎದ್ದೆ. "ಕೈ ಬಾತಿದ್ದು ನಾ ಕಂಡೇನ್ರಿ."

"ಕುಂದರವಾ ನೀ," ಎಂದರು ಗೌಡರು. "ಅಕ್ಕನ ಮಾತಿಗೆ ತಂಗಿ ಒಲ್ಲೆ ಅಂತಾಳೇನು?"

ಆಕೆ ಮೆಟ್ಟಿಲಲ್ಲಿ ಜಾರಿದಳು ಎಂದು ಸಾಹೇಬರು ಮೊದಲು ಹೇಳಿದ್ದರು. ಹಾಲು ಕುಡಿದಾದ ಮೇಲೆ, ಬೀಜದ ಚೀಲ ಕೈಮೇಲೆ ಬಿತ್ತು ಎಂದರು.

"ಯಾವುದು ಖರೆರಿ, ಮೆಟ್ಟಲಾನೋ ಚೀಲಾನೋ?" ಎಂದಳು ಅಕ್ಕ.

ಗೌಡರು ಗದರಿದರು: "ದೊಡ್ಡ ತಲಿಯವ್ರಿಗೆ ಸಣ್ಣದೆಲ್ಲಾ ನೆನಪಿರತೈತೇನು? ನಡಿ ಮನಿಗೆ."

ಅಲ್ಲಿಗೆ ಮುಗಿಯಿತು. ಬಾವಿಗೆ ಹೋದರೆ "ಚಿಲಕದಾಕಿ ಬಂದ್ಲು" ಎಂಬ ನಗೆ. ಮದುವೆಯೂಟದಲ್ಲಿ ಆ ತಳಿಯ ಅನ್ನ ಬಡಿಸಲು ಬಂದರೆ ಅಕ್ಕ ಎಲೆಗೆ ಕೈ ಅಡ್ಡ ಹಿಡಿಯುತ್ತಿದ್ದಳು.

"ಚಿಲಕಾ ಹಾಕಿದ್ರು ಅಂದಿದ್ರ ನಂಬ್ತಿದ್ರಲ್ಲಕ್ಕಾ," ಎಂದೆ ಒಮ್ಮೆ.

"ನಾ ನೋಡಿದ್ದಿಲ್ಲಲ್ಲ," ಎಂದಳು.

ಅದಾಗಿ ಇಪ್ಪತ್ತು ವರ್ಷದ ಮೇಲೆ, ಅಕ್ಕ ಹೋದ ವರ್ಷ ತೀರಿಕೊಂಡಳು. ಅವಳು ಕಲಿಸಿದಂತೆ, ಇದ್ದಷ್ಟನ್ನೇ ಬರೆದಿದ್ದೇನೆ. ಅಂದು ಕಟ್ಟೆಯ ಮೇಲಿದ್ದು ಇನ್ನೂ ಬದುಕಿರುವ ಹಿರಿಯರೇ, ಒಂದೇ ಕುರ್ಚಿಯಲ್ಲಿ ಕುಳಿತು ಎರಡು ಮಾತಾಡಿದವರ ಮುಂದೆ ಆ ವಿಭೂತಿಯ ತಟ್ಟೆ ಯಾಕೆ ಹೋಗಲಿಲ್ಲ?