ಅಕ್ಕ ಹೇಳದ ಷೇರು

ನಮ್ಮ ಹಮಾಲರ ತಂಡದ ಮೇಸ್ತ್ರಿ ಹುಸೇನಪ್ಪ ನನ್ನ ಅಕ್ಕನ ಅಂಗಡಿಯ ಮುಂದೆ ನಿಂತು ಆಕೆಯನ್ನು ಬೈಯುವಾಗ ನಾನು ಅಲ್ಲೇ ಇದ್ದೆ. ತಪ್ಪು ನನ್ನದು ಎಂದು ಹೇಳಬೇಕಿತ್ತು. ಹೇಳಲಿಲ್ಲ.

ಅಕ್ಕನ ಹೆಸರು ರೇಣುಕಾ. ಗಂಗಾವತಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಮೊಬೈಲ್ ರೀಚಾರ್ಜ್ ಅಂಗಡಿ ಇಟ್ಟಿದ್ದಳು. ಗಿರಾಕಿ ಬಂದರೆ ಮುಖಕ್ಕಿಂತ ಮೊದಲು ಹೆಬ್ಬೆರಳು ನೋಡುತ್ತಿದ್ದಳು. ಫೋನಿನ ಮೇಲೆ ಅದು ಓಡುವ ರಭಸದಿಂದಲೇ ಇವರಿಗೆ ಎಷ್ಟು ನೆಟ್ ಬೇಕಾದೀತು ಎಂದು ಅಂದಾಜು ಕಟ್ಟುತ್ತಿದ್ದಳು. ಹತ್ತಿರದ ಮರಳಿ ಎಂಬ ಊರಿನಲ್ಲಿ ನಾಟಿ ಮುಗಿಸಿದ ಹೆಂಗಸರು ಕಾಲಿನ ಕೆಸರು ಒಣಗುವ ಮೊದಲೇ ಬಂದು ರೀಚಾರ್ಜ್ ಕೇಳಿದರೆ ನಗುತ್ತಿದ್ದಳು.

"ಭತ್ತದ ರೇಟ್ ಇಳದ್ರ ಮಂದಿ ಅಡಗಿ ಎಣ್ಣಿ ಕಡಿಮಿ ಮಾಡ್ತಾರ, ನೆಟ್ ಕಡಿಮಿ ಮಾಡಂಗಿಲ್ಲ, ನೋಡು ತಮ್ಮಾ."

ಆ ನಂಬಿಕೆಯ ಮೇಲೆ ತನ್ನ ಉಳಿತಾಯದಲ್ಲಿ ಮೊಬೈಲ್ ಇಂಟರ್ನೆಟ್ ಕಂಪನಿಗಳ ಷೇರು ತೆಗೆದುಕೊಂಡಿದ್ದಳು. ಬೆಳಿಗ್ಗೆ ಶಟರ್ ಎತ್ತಿ, ಊದುಬತ್ತಿ ಹಚ್ಚಿ, ದರ ನೋಡುವಳು. ಏರಿದ್ದರೆ ಮಾತಿಲ್ಲ. ಇಳಿದಿದ್ದರೆ, "ಇವತ್ತ ಸಕ್ರಿ ಕಟ್," ಎಂದು ಸಪ್ಪೆ ಚಹಾ ಕುಡಿಯುವಳು. ಸಪ್ಪೆ ಚಹಾದ ದಿನಗಳೂ ಬಹಳ ಇದ್ದವು. ಯಾವ ಷೇರು ಕೊಳ್ಳಲಿ ಎಂದು ಯಾರಾದರೂ ಕೇಳಿದರೆ ಹೇಳುತ್ತಿರಲಿಲ್ಲ.

"ನೆಟ್ ಬೆಳೀತೈತಿ, ಅದು ಖರೇ. ಷೇರೂ ಬೆಳೀತೈತಿ ಅಂತ ನಾ ಹೆಂಗ ಹೇಳ್ಲಿ? ಕಾಲುವಿ ತುಂಬಿ ಹರದ ವರ್ಷ ಭತ್ತಕ್ಕ ಛಲೋ ರೇಟ್ ಸಿಕ್ಕಿತ್ತೇನು?"

ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು, ರೈಸ್ ಮಿಲ್ಲಿನಲ್ಲಿ ಹಮಾಲಿ. ನಮ್ಮ ತಂಡದಲ್ಲಿ ಕೂಲಿಯೆಲ್ಲ ಒಟ್ಟು ಮಾಡಿ ಹಂಚಿಕೊಳ್ಳುವುದು ಪದ್ಧತಿ. ಲಾಭದ ದಾರಿ ಗೊತ್ತಾದರೂ ಹಾಗೆಯೇ, ಒಬ್ಬನೇ ಉಣ್ಣಬಾರದು. ಒಂದು ದಿನ ಊಟದ ಹೊತ್ತಿನಲ್ಲಿ, ಹೊಸದಾಗಿ ಷೇರುಪೇಟೆಗೆ ಬಂದ ಒಂದು ಆ್ಯಪ್ ಕಂಪನಿಯ ಷೇರು ತೆಗೆದುಕೊಳ್ಳೋಣ ಎಂದೆ. ಯಾರೂ ತಟ್ಟೆಯಿಂದ ತಲೆ ಎತ್ತಲಿಲ್ಲ.

"ಅಕ್ಕ ಹೇಳ್ಯಾಳ," ಎಂದೆ.

ಎಲ್ಲರೂ ಕೈ ತೊಳೆದು ಬಂದು ನನ್ನ ಸುತ್ತ ಕೂತರು. ಹಬ್ಬಕ್ಕೆಂದು ಇಟ್ಟಿದ್ದ ತಂಡದ ರೊಕ್ಕವನ್ನು ನನ್ನ ಫೋನಿನಿಂದಲೇ ಹಾಕಿದೆವು. ಅಕ್ಕನಿಗೆ ತಿಳಿಸಲಿಲ್ಲ.

ಷೇರು ಬಿತ್ತು. ಮೊದಲು ಯಾರೂ ಹೆದರಲಿಲ್ಲ. ನಾವು ಭತ್ತದ ಸೀಮೆಯವರು. ದರ ಬಿದ್ದರೆ ಚೀಲಗಳನ್ನು ಗೋದಾಮಿನಲ್ಲಿಟ್ಟು ಕಾಯುವುದನ್ನು ನೋಡಿದವರು. ಕಾದೆವು. ಇನ್ನೂ ಬಿತ್ತು. ಆಗ ಮೇಸ್ತ್ರಿ ತಂಡ ಕಟ್ಟಿಕೊಂಡು ಅಕ್ಕನ ಅಂಗಡಿಗೆ ಬಂದ.

"ಭತ್ತ ಆಗಿದ್ರ ಇಲಿ ತಿಂದದ್ದಾದ್ರೂ ಕಾಣ್ತಿತ್ತವಾ. ಇದನ್ನ ಯಾರು ತಿಂದ್ರು? ನೀ ಹೇಳಿದಿ ಅಂತ ಹಾಕೀವಿ. ಹಮಾಲರಿಗೆ ಟೋಪಿ ಹಾಕೂದು ಭಾಳ ಸಸಾರ ಅಲ್ಲೇನು?"

ಅಕ್ಕ ನನ್ನ ಕಡೆ ನೋಡಿದಳು. ನಾನು ಗಾಜಿನ ಕಪಾಟಿನೊಳಗಿನ ಇಯರ್‌ಫೋನ್ ನೋಡುತ್ತ ನಿಂತೆ. ಆಕೆಗೆ ಎಲ್ಲ ತಿಳಿಯಿತು. ತಾನು ಹೇಳಿಲ್ಲ ಎಂದು ಆಕೆ ಒಂದು ಮಾತು ಅಂದಿದ್ದರೆ ತಂಡ ನನ್ನನ್ನು ಹೊರಗೆ ಹಾಕುತ್ತಿತ್ತು.

"ಬೈಯ್ರಿ ಅಣ್ಣಾರ, ನಿಮ್ಮ ರೊಕ್ಕ ಹೋಗೈತಿ," ಎಂದಷ್ಟೇ ಅಂದಳು.

ಮಾತು ಓಣಿ ತುಂಬ ಹಬ್ಬಿತು. ಆಕೆಯ ಕೈಗೆ ಫೋನ್ ಕೊಡಲು ಜನ ಅನುಮಾನಿಸಿದರು. ಕೊನೆಗೆ ಅಂಗಡಿ ಮುಚ್ಚಿ ಕುಷ್ಟಗಿಯ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ಹೋದಳು. ಬಸ್ ಹತ್ತಿಸುವಾಗ, "ಸಿಟ್ಟ ಐತೇನಕ್ಕಾ?" ಎಂದೆ.

"ಕಿಡಕಿ ಸೀಟ್ ಖಾಲಿ ಐತಿ, ಬ್ಯಾಗ್ ಇಡು ಹೋಗು," ಎಂದಳು.

ಮಿಲ್ಲಿನಲ್ಲಿ ಯಾರಾದರೂ ಸುಳ್ಳು ಹೇಳಿದರೆ "ರೇಣುಕಕ್ಕನ ಷೇರು" ಎಂದು ನಗುವುದು ರೂಢಿಯಾಯಿತು. ಒಮ್ಮೆ ಅವರೊಂದಿಗೆ ನಾನೂ ನಕ್ಕುಬಿಟ್ಟೆ. ಆ ರಾತ್ರಿ ತಟ್ಟೆಯ ಅನ್ನವನ್ನು ಬೀದಿನಾಯಿಗೆ ಹಾಕಿದೆ.

ಸುಗ್ಗಿಯ ಕೆಲಸ ಮುಗಿದ ಮೇಲೆ, ಒಂದು ಮಾತಿದೆ ಎಂದು ಮೇಸ್ತ್ರಿಯನ್ನು ಕುಷ್ಟಗಿಗೆ ಕರೆದುಕೊಂಡು ಹೋದೆ. ಅಕ್ಕ ಸೀರೆ ಮಡಚುತ್ತಿದ್ದಳು. ಮೊದಲಿಗಿಂತ ಸೊರಗಿದ್ದಳು. ಮೇಸ್ತ್ರಿಯನ್ನು ನೋಡಿ ಎದ್ದು ನಿಂತು, "ಬರ್ರಿ, ಏನ ತೋರಿಸ್ಲಿ?" ಎಂದಳು.

"ಮೇಸ್ತ್ರೀ, ಅಕ್ಕ ಏನೂ ಹೇಳಿದ್ದಿಲ್ರಿ," ಎಂದೆ. "ಆಕಿ ಹೆಸರು ಹೇಳಿ ನಿಮ್ಮ ರೊಕ್ಕ ಹಾಕಿಸಿದಾಂವ ನಾನು. ಆಕಿ ಬೈಸ್ಕೊಳ್ಳಾಗ ನೋಡ್ಕೋತ ನಿಂತೆ. ಅಕ್ಕಾ, ನನ್ನದು ತಪ್ಪಾತು."